ಪಂದ್ಯಕ್ಕೆ ಮೊದಲೇ ಪಂಕ್ತಿಯನ್ನು ಊಹಿಸಬಹುದೆ?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಾವು ವಾಸಿಸುವ ಬೀದಿಯಲ್ಲಿ ಫೆಬ್ರವರಿ ತಿಂಗಳು ಬಂದಿತೆಂದರೆ ಎರಡು ವಿಷಯಗಳ ಮಾತು ಜೋರಾಗಿ ನಡೆಯುವುದು. ಮೊದಲನೆಯದು, ಪಿ.ಯು.ಸಿ. ವಿದ್ಯಾರ್ಥಿಗಳ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು. ಎರಡನೆಯದು, ಫಾರ್ಮುಲಾ ಒನ್ ಮೋಟಾರು ಪಂದ್ಯದ ಕಾರುಗಳು ಋತುವಿನ ಆರಂಭಕ್ಕೆ ಮುಂಚೆ ನಡೆಸುವ ಪರೀಕ್ಷಾ ಓಟಗಳ ಕಾಲಪಟ್ಟಿ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮಗೂ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ನೆರೆಮನೆಯ ಹುಡುಗ.

ಅವನಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕಗಳು ಬಹಳ ಕಡಮೆ ಬಂದಿದ್ದುವು. "ಈ ವರ್ಷ ನಾನು ಪರೀಕ್ಷೆಗೆ ಕೂಡುವುದಿಲ್ಲ" ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದನು. ತಂದೆತಾಯಿಗಳು ಕಳವಳಗೊಂಡಿದ್ದರು. ಅದೇ ಸಂಜೆ ಗೆಳೆಯರು ಕಾರುಗಳ ಕಾಲಪಟ್ಟಿಯನ್ನಿಟ್ಟುಕೊಂಡು ವಾದಿಸುತ್ತಿದ್ದಾಗ ಅವನು ನಮ್ಮ ಬಳಿಗೆ ಬಂದು, "ಮಾಮಾ, ಪರೀಕ್ಷೆಯ ಓಟದಲ್ಲಿ ಹಿಂದೆ ಬಿದ್ದ ಕಾರು ನಿಜವಾದ ಪಂದ್ಯದಲ್ಲಿ ಮುಂದೆ ಬರುವುದುಂಟೆ?" ಎಂದು ಕೇಳಿದನು. ಉಂಟು ಎಂದೆವು. ಆದರೆ ಯಾವಾಗ, ಏಕೆ, ಎಷ್ಟರಮಟ್ಟಿಗೆ ಎಂಬುದನ್ನು ಹೇಳದಿದ್ದರೆ ಆ ಉತ್ತರವು ಬರಿಯ ಸಮಾಧಾನದ ಮಾತಾಗುವುದು. ಆದುದರಿಂದ ಆ ಪ್ರಶ್ನೆಯನ್ನು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಪರೀಕ್ಷಾ ಓಟವೆಂದರೇನು?

ಫಾರ್ಮುಲಾ ಒನ್ ವಿಶ್ವಪಂದ್ಯಾವಳಿಯು 1950ರಲ್ಲಿ ಆರಂಭವಾಯಿತು. ಪ್ರತಿವರ್ಷವೂ ತಂಡಗಳು ಹೊಸ ಕಾರನ್ನು ನಿರ್ಮಿಸುವುವು. ಮೊದಲ ಪಂದ್ಯಕ್ಕೆ ಕೆಲವು ವಾರಗಳ ಮುಂಚೆ ಎಲ್ಲ ತಂಡಗಳೂ ಒಂದೇ ಪಥದಲ್ಲಿ ಕಲೆತು ತಮ್ಮ ಕಾರುಗಳನ್ನು ಓಡಿಸಿ ನೋಡುವುವು. 2019ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಎಂಟು ದಿನ ಈ ಪರೀಕ್ಷೆ ನಡೆಯಿತು. 2025ರಲ್ಲಿ ಬಹರೇನಿನಲ್ಲಿ ಮೂರೇ ದಿನ ನಡೆಯಿತು.

ಪ್ರತಿಯೊಂದು ದಿನದ ಕೊನೆಯಲ್ಲಿಯೂ ಒಂದು ಪಟ್ಟಿ ಹೊರಬೀಳುವುದು. ಯಾವ ಚಾಲಕನು ಪಥವನ್ನು ಒಂದು ಸುತ್ತು ಬರಲು ಕನಿಷ್ಠ ಎಷ್ಟು ಕಾಲ ತೆಗೆದುಕೊಂಡನೆಂಬುದು ಅದರಲ್ಲಿರುವುದು, ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ. ಇಷ್ಟು ಸೂಕ್ಷ್ಮವಾದ ಸಂಖ್ಯೆಯನ್ನು ಕಂಡಾಗ ಅದು ನಿಖರವಾದ ತೀರ್ಪೆಂದು ನಮಗೆ ತೋರುವುದು ಸಹಜ. ಇಲ್ಲಿಯೇ ಮೊದಲನೆಯ ತಪ್ಪು ಆಗುವುದು. ಅಳತೆ ಸೂಕ್ಷ್ಮವಾಗಿದೆ ಎಂದ ಮಾತ್ರಕ್ಕೆ ನಾವು ಅಳೆಯಬೇಕೆಂದಿದ್ದುದನ್ನೇ ಅಳೆದಿದ್ದೇವೆ ಎಂದಾಗುವುದಿಲ್ಲ. ಗಡಿಯಾರವು ಅಳೆದುದು ಆ ಸುತ್ತಿನ ಕಾಲವನ್ನು. ನಮಗೆ ಬೇಕಾದುದು ಕಾರಿನ ಸಾಮರ್ಥ್ಯ.

ತಂಡಗಳ ಉದ್ದೇಶವೂ ಬೇರೆಯೇ ಇರುವುದು. ಗಾಳಿಸುರಂಗದಲ್ಲಿ ಮಾಡಿದ ಲೆಕ್ಕವು ಪಥದ ಮೇಲೂ ಸರಿಬರುವುದೆ, ಯಂತ್ರವು ಕಾಯದೆ ಉಳಿಯುವುದೆ ಎಂಬುದನ್ನು ಅವರು ತಿಳಿಯಬೇಕು. ಇದಕ್ಕಾಗಿ ಕಾರಿನ ಮೈಗೆ ಹಸಿರು ಬಣ್ಣದ ದ್ರವವನ್ನು ಬಳಿದು, ಗಾಳಿಯು ಎಳೆದ ಗೆರೆಗಳನ್ನು ಪರಿಶೀಲಿಸುವರು. ಅಂತಹ ಸುತ್ತಿನಲ್ಲಿ ವೇಗವು ಯಾರಿಗೂ ಬೇಕಾಗಿರುವುದಿಲ್ಲ.

ಕಾಣದ ಭಾರ

ಸಿರುಗುಪ್ಪದಿಂದ ಭತ್ತದ ಮೂಟೆಗಳನ್ನು ಹೇರಿಕೊಂಡು ಬರುವ ಟ್ರ್ಯಾಕ್ಟರನ್ನೂ ಬರಿದಾಗಿ ಹಿಂದಿರುಗುವ ಟ್ರ್ಯಾಕ್ಟರನ್ನೂ ನೋಡಿದವರಿಗೆ ಭಾರದ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಹೇರಿದ ಗಾಡಿಯು ನಿಧಾನವಾಗಿ ವೇಗವನ್ನು ಪಡೆಯುವುದು, ನಿಲ್ಲಿಸಲು ಹೆಚ್ಚು ದೂರ ಬೇಕು, ತಿರುವಿನಲ್ಲಿ ಎಚ್ಚರವಿರಬೇಕು. ಆದರೆ ಟ್ರ್ಯಾಕ್ಟರಿನ ಮೂಟೆಗಳು ಕಣ್ಣಿಗೆ ಕಾಣುವುವು. ಪಂದ್ಯದ ಕಾರಿನ ಭಾರವು ಅದರ ಇಂಧನದ ತೊಟ್ಟಿಯೊಳಗೆ ಅಡಗಿರುವುದು.

ಲೆಕ್ಕವನ್ನು ನೋಡೋಣ. 2025ರ ನಿಯಮದಂತೆ ಕಾರಿನ ಕನಿಷ್ಠ ತೂಕವು ಚಾಲಕನೂ ಸೇರಿ 800 ಕಿಲೋಗ್ರಾಂ; ಒಂದು ಪಂದ್ಯಕ್ಕೆ ಉಪಯೋಗಿಸಬಹುದಾದ ಇಂಧನವು 110 ಕಿಲೋಗ್ರಾಂ. ಬಾರ್ಸಿಲೋನಾದಂತಹ ಪಥದಲ್ಲಿ ಪ್ರತಿಯೊಂದು ಕಿಲೋಗ್ರಾಂ ಇಂಧನವೂ ಒಂದು ಸುತ್ತಿನ ಕಾಲವನ್ನು ಸುಮಾರು 0.03 ಸೆಕೆಂಡು ಹೆಚ್ಚಿಸುವುದು. ಹತ್ತು ಕಿಲೋಗ್ರಾಮಿಗೆ 0.3 ಸೆಕೆಂಡು, ನೂರು ಕಿಲೋಗ್ರಾಮಿಗೆ 3 ಸೆಕೆಂಡು. ಮುಂದಿನ ತಂಡಕ್ಕೂ ಹಿಂದಿನ ತಂಡಕ್ಕೂ ಇರುವ ನಿಜವಾದ ಅಂತರವು ಅನೇಕ ವೇಳೆ ಒಂದೆರಡು ಸೆಕೆಂಡುಗಳಷ್ಟೆ. ಹಾಗಾದರೆ ಇಂಧನವೊಂದೇ ಇಡೀ ಪಟ್ಟಿಯನ್ನು ತಲೆಕೆಳಗು ಮಾಡಬಲ್ಲುದು. ಯಾವ ಕಾರಿನಲ್ಲಿ ಎಷ್ಟು ಇಂಧನವಿತ್ತೆಂಬುದನ್ನು ಯಾವ ತಂಡವೂ ಹೊರಗೆ ಹೇಳುವುದಿಲ್ಲ.

ಇನ್ನು ಟೈರುಗಳು. ಮೆತ್ತನೆಯ ಟೈರು ನೆಲವನ್ನು ಬಿಗಿಯಾಗಿ ಹಿಡಿಯುವುದು, ಆದರೆ ಬೇಗನೆ ಸವೆಯುವುದು. ಗಡಸು ಟೈರು ನಿಧಾನ, ಆದರೆ ಬಾಳಿಕೆ ಹೆಚ್ಚು. ಮೆತ್ತನೆಯದರಿಂದ ಗಡಸಿಗೆ ಬದಲಾಯಿಸಿದರೆ ಒಂದು ಸುತ್ತಿನಲ್ಲಿ ಅರ್ಧ ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸವಾಗಬಹುದು.

ಮೂರನೆಯದು ಹವೆ. ಬಳ್ಳಾರಿಯ ಬೇಸಗೆಯಲ್ಲಿ ಬಿಸಿ ಗಾಳಿಯು ತೆಳುವಾಗಿರುವುದನ್ನು ಲೆಕ್ಕದಿಂದಲೇ ತಿಳಿಯಬಹುದು. ಒತ್ತಡವು ಒಂದೇ ಆಗಿದ್ದರೆ ಗಾಳಿಯ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುವುದು. 15 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿರಪೇಕ್ಷ ಉಷ್ಣತೆಯು 288, 40 ಡಿಗ್ರಿಯಲ್ಲಿ 313. ಅವುಗಳ ಪ್ರಮಾಣವು 0.92. ಎಂದರೆ ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಇಳಿಯಿತು. ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲವೂ ಅದೇ ವೇಗದಲ್ಲಿ ಅಷ್ಟೇ ಕುಗ್ಗುವುದು. ಆದುದರಿಂದ ತಂಪಾದ ಮುಂಜಾನೆ ಓಡಿದ ಕಾರನ್ನು ಸುಡುವ ಮಧ್ಯಾಹ್ನ ಓಡಿದ ಕಾರಿನೊಡನೆ ಹೋಲಿಸುವುದು ನ್ಯಾಯವಲ್ಲ.

ಇದಲ್ಲದೆ ತಂಡಗಳು ಯಂತ್ರದ ಶಕ್ತಿಯನ್ನು ಬೇಕೆಂದೇ ತಗ್ಗಿಸಿ ಓಡಿಸಿ ತಮ್ಮ ಬಲವನ್ನು ಮರೆಸಿಡಬಹುದು. ಇದಕ್ಕೆ ವಿರುದ್ಧವಾಗಿ, ಹಣ ಕೊಡುವ ಪ್ರಾಯೋಜಕರ ಕಣ್ಣಿಗೆ ಬೀಳಲೆಂದು ಒಂದು ತಂಡವು ಕಾರನ್ನು ಹಗುರಮಾಡಿ ಓಡಿಸಿ, ಪಟ್ಟಿಯ ತಲೆಯಲ್ಲಿ ನಿಲ್ಲಲೂಬಹುದು.

ಒಂದು ಸಣ್ಣ ಲೆಕ್ಕ

ಕ ಮತ್ತು ಖ ಎಂಬ ಎರಡು ಕಾರುಗಳಿವೆಯೆಂದು ಕಲ್ಪಿಸಿಕೊಳ್ಳೋಣ. ಕ ಕಾರು ಮೆತ್ತನೆಯ ಟೈರಿನಲ್ಲಿ 77.0 ಸೆಕೆಂಡಿನಲ್ಲಿ ಸುತ್ತು ಬಂದಿತು. ಖ ಕಾರು ಗಡಸು ಟೈರಿನಲ್ಲಿ 77.8 ಸೆಕೆಂಡು ತೆಗೆದುಕೊಂಡಿತು. ಪಟ್ಟಿಯಲ್ಲಿ ಕ ಮುಂದೆ.

ಟೈರಿನ ವ್ಯತ್ಯಾಸವು 0.7 ಸೆಕೆಂಡೆಂದು ಇಟ್ಟುಕೊಂಡು ತಿದ್ದಿದರೆ ಖ ಕಾರಿನ ಕಾಲವು 77.1 ಆಗುವುದು. ಇನ್ನೂ ಕ ಕಾರೇ 0.1 ಸೆಕೆಂಡು ಮುಂದೆ. ಆದರೆ ಖ ಕಾರಿನಲ್ಲಿ ಇಪ್ಪತ್ತು ಕಿಲೋಗ್ರಾಂ ಹೆಚ್ಚು ಇಂಧನವಿದ್ದಿತೆಂದರೆ ಇನ್ನೂ 0.6 ಸೆಕೆಂಡನ್ನು ಕಳೆಯಬೇಕು. ಆಗ ಅದರ ಕಾಲವು 76.5. ಈಗ ಖ ಕಾರು ಅರ್ಧ ಸೆಕೆಂಡು ಮುಂದೆ! ಹೆಚ್ಚಿನ ಇಂಧನವು ಕ ಕಾರಿನಲ್ಲಿಯೇ ಇದ್ದಿತೆಂದರೆ ಫಲವು ಮತ್ತೆ ತಿರುಗುಮುರುಗಾಗುವುದು. ನಮಗೆ ಗೊತ್ತಿಲ್ಲದ ಒಂದು ಸಂಖ್ಯೆಯ ಮೇಲೆ ಉತ್ತರವೆಲ್ಲ ನಿಂತಿದೆ. ಸಂದೇಹದ ಅಳತೆಯು ಅಂತರದ ಅಳತೆಗಿಂತ ದೊಡ್ಡದಾಗಿದ್ದಾಗ ಆ ಅಂತರವನ್ನು ನಂಬಬಾರದು. ಇದು ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ದೋಷಗಣನೆಯ ಮೊದಲ ಪಾಠ.

ದೀರ್ಘ ಓಟದ ಸಾಕ್ಷ್ಯ

ಹಾಗಾದರೆ ಏನನ್ನೂ ತಿಳಿಯಲಾಗದೆ? ತಿಳಿಯಬಹುದು. ಅದಕ್ಕೆ ಒಂದು ಸುತ್ತನ್ನು ಬಿಟ್ಟು ಅನೇಕ ಸುತ್ತುಗಳನ್ನು ನೋಡಬೇಕು.

2010ರಿಂದ ಪಂದ್ಯದ ನಡುವೆ ಇಂಧನವನ್ನು ತುಂಬುವುದು ನಿಷಿದ್ಧವಾಗಿದೆ. ಪರೀಕ್ಷೆಯಲ್ಲಿ ಒಂದು ತಂಡವು ಇಡೀ ಪಂದ್ಯವನ್ನೇ ಅನುಕರಿಸಿ, ಟೈರು ಬದಲಾಯಿಸಲು ಮಾತ್ರ ನಿಲ್ಲಿಸಿ, ಬಾರ್ಸಿಲೋನಾದಲ್ಲಿ 66 ಸುತ್ತುಗಳನ್ನು ಓಡಿಸಿತೆಂದರೆ, ಆರಂಭದಲ್ಲಿ ಅದರ ತೊಟ್ಟಿಯು ತುಂಬಿಯೇ ಇದ್ದಿರಬೇಕು. ಅಡಗಿದ್ದ ಭಾರವು ಹೀಗೆ ತಾನಾಗಿ ಬಯಲಾಗುವುದು. 110 ಕಿಲೋಗ್ರಾಮನ್ನು 66ರಿಂದ ಭಾಗಿಸಿದರೆ ಸುತ್ತಿಗೆ ಸುಮಾರು 1.7 ಕಿಲೋಗ್ರಾಂ. ಎಂದರೆ ಹಗುರವಾಗುವುದರಿಂದಲೇ ಕಾರು ಪ್ರತಿ ಸುತ್ತಿನಲ್ಲಿಯೂ 0.05 ಸೆಕೆಂಡು ಚುರುಕಾಗಬೇಕು. ಹಾಗಿದ್ದೂ ಅದು ಪ್ರತಿ ಸುತ್ತಿಗೆ 0.10 ಸೆಕೆಂಡು ನಿಧಾನವಾಗುತ್ತಿದ್ದರೆ ಟೈರಿನ ಸವೆತವು ನಿಜವಾಗಿ 0.15 ಸೆಕೆಂಡಿನಷ್ಟಿದೆ ಎಂದರ್ಥ.

ಕ ಕಾರಿನ ಮೊದಲ ಸುತ್ತು 82.0 ಸೆಕೆಂಡು, ಅನಂತರ ಪ್ರತಿ ಸುತ್ತಿಗೂ 0.10 ಹೆಚ್ಚಾಗುವುದು. ಖ ಕಾರಿನದು 82.3, ಹೆಚ್ಚಳವು ಕೇವಲ 0.02. ಮೊದಲ ಸುತ್ತನ್ನು ನೋಡಿದವರು ಕ ಕಾರೇ ಮೇಲೆನ್ನುವರು. ಐದನೆಯ ಸುತ್ತಿನಿಂದ ಖ ಕಾರು ವೇಗವಾಗುವುದು. ಇಪ್ಪತ್ತು ಸುತ್ತುಗಳನ್ನು ಕೂಡಿಸಿದರೆ ಕ ಕಾರಿಗೆ 1659.0 ಸೆಕೆಂಡೂ ಖ ಕಾರಿಗೆ 1649.8 ಸೆಕೆಂಡೂ ಆಗುವುವು. ಅಂತರವು 9.2 ಸೆಕೆಂಡು! ವಾಚಕರು ಸಮಾಂತರ ಶ್ರೇಢಿಯ ಸೂತ್ರದಿಂದ ಇದನ್ನು ಪರೀಕ್ಷಿಸಿ ನೋಡಬಹುದು.

ಎರಡನೆಯ ಸಾಕ್ಷ್ಯವು ಓಡಿದ ಸುತ್ತುಗಳ ಒಟ್ಟು ಸಂಖ್ಯೆ. ಹೆಚ್ಚು ಓಡಿದ ಕಾರು ಮುರಿಯದ ಕಾರು. ಮೂರನೆಯದು ಹಿಂದಿನ ವರ್ಷದ ಸ್ಥಾನ. ನಿಯಮಗಳು ಬದಲಾಗದಿದ್ದರೆ ಹಳೆಯ ಪಂಕ್ತಿಯೇ ಹೊಸ ಪಂಕ್ತಿಗೆ ಒಳ್ಳೆಯ ಮಾರ್ಗದರ್ಶಿ. 2009, 2014, 2022 ಮತ್ತು 2026ರಂತೆ ನಿಯಮಗಳು ಬಹಳವಾಗಿ ಬದಲಾದ ವರ್ಷಗಳಲ್ಲಿ ಅದರ ಬೆಲೆ ಇಳಿಯುವುದು.

ಇತಿಹಾಸವು ಏನು ಹೇಳುವುದು?

2019ರ ಪರೀಕ್ಷೆಯಲ್ಲಿ ಫೆರಾರಿಯ ವೆಟ್ಟೆಲ್ 1 ನಿಮಿಷ 16.221 ಸೆಕೆಂಡಿನಲ್ಲಿಯೂ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ 1 ನಿಮಿಷ 16.224 ಸೆಕೆಂಡಿನಲ್ಲಿಯೂ ಸುತ್ತು ಬಂದರು. ಅಂತರವು ಸೆಕೆಂಡಿನ ಸಾವಿರದ ಮೂರು ಭಾಗ. ಫೆರಾರಿಯೇ ಮುಂದೆಂದು ಅನೇಕರು ನಂಬಿದರು. ಎರಡು ವಾರಗಳ ಅನಂತರ ಮೆಲ್ಬೋರ್ನಿನ ಅರ್ಹತಾ ಓಟದಲ್ಲಿ ಹ್ಯಾಮಿಲ್ಟನ್ನನು ವೆಟ್ಟೆಲನಿಗಿಂತ 0.7 ಸೆಕೆಂಡು ವೇಗವಾಗಿದ್ದನು. ಪಂದ್ಯದಲ್ಲಿ ವೆಟ್ಟೆಲನು ಗೆದ್ದ ಮರ್ಸಿಡಿಸ್ ಕಾರಿಗಿಂತ ಸುಮಾರು 57 ಸೆಕೆಂಡು ಹಿಂದೆ ಬಿದ್ದು ನಾಲ್ಕನೆಯವನಾದನು. ಆ ವರ್ಷದ ಮೊದಲ ಎಂಟು ಪಂದ್ಯಗಳನ್ನೂ ಮರ್ಸಿಡಿಸ್ ಗೆದ್ದಿತು.

2025ರ ಬಹರೇನ್ ಪರೀಕ್ಷೆಯಲ್ಲಿ ಪಟ್ಟಿಯ ತಲೆಯಲ್ಲಿದ್ದುದು ವಿಲಿಯಮ್ಸ್ ತಂಡದ ಸೈನ್ಜ್. ಆದರೆ ಬಲ್ಲವರ ಗಮನವನ್ನು ಸೆಳೆದುದು ಮೆಕ್ಲಾರೆನ್ ತಂಡದ ನಾರಿಸ್ ನಡೆಸಿದ ದೀರ್ಘ ಓಟ. ವರ್ಷದ ಕೊನೆಗೆ ವಿಲಿಯಮ್ಸ್ ಐದನೆಯ ಸ್ಥಾನದಲ್ಲಿತ್ತು. ಚಾಲಕರ ಮತ್ತು ತಂಡಗಳ ಪ್ರಶಸ್ತಿಗಳೆರಡೂ ಮೆಕ್ಲಾರೆನ್ನಿಗೆ ಸೇರಿದುವು.

ಇಷ್ಟರಿಂದ ಪರೀಕ್ಷೆಯ ವೇಗವೆಲ್ಲ ಸುಳ್ಳೆಂದು ತೀರ್ಮಾನಿಸಬಾರದು. 2008ರ ಡಿಸೆಂಬರಿನಲ್ಲಿ ಹೋಂಡಾ ಸಂಸ್ಥೆಯು ಪಂದ್ಯದಿಂದ ಹಿಂದೆಗೆಯಿತು. ಅದರ ಅವಶೇಷದಿಂದ ಹುಟ್ಟಿದ ಬ್ರಾನ್ ತಂಡವು 2009ರ ಮಾರ್ಚಿಯಲ್ಲಿ ಪರೀಕ್ಷೆಗೆ ಬಂದು ಎಲ್ಲರನ್ನೂ ಬೆರಗುಗೊಳಿಸಿತು. ಹಗುರವಾದ ಕಾರಿನ ಮೆರೆದಾಟವಿರಬಹುದೆಂದು ಸಂದೇಹಪಟ್ಟವರುಂಟು. ಆದರೆ ಆ ತಂಡದ ಬಟನ್ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಗೆದ್ದು ವಿಶ್ವವಿಜೇತನಾದನು.

2022ರಲ್ಲಿ ಮರ್ಸಿಡಿಸ್ ಕಾರು ಪರೀಕ್ಷೆಯಲ್ಲಿ ನೆಲಕ್ಕೆ ಕುಪ್ಪಳಿಸುತ್ತ ಓಡಿತು. ತಂಡವು ಬಲವನ್ನು ಮರೆಮಾಡುತ್ತಿದೆ ಎಂದು ಹಲವರು ಹೇಳಿದರು. ಮರೆಯಲ್ಲಿ ಏನೂ ಇರಲಿಲ್ಲ! ಆ ವರ್ಷ ಅದು ಗೆದ್ದುದು ಒಂದೇ ಪಂದ್ಯ, ಅದೂ ನವೆಂಬರಿನಲ್ಲಿ ಬ್ರೆಜಿಲಿನಲ್ಲಿ. ನಿಧಾನವಾದ ಕಾರೆಲ್ಲ ಬಲವನ್ನು ಬಚ್ಚಿಟ್ಟ ಕಾರಲ್ಲವೆಂಬುದನ್ನೂ ನಾವು ನೆನಪಿಡಬೇಕು.

ಬೆಂಗಳೂರಿಗೆ ಸಂಬಂಧಿಸಿದ ಒಂದು ತಂಡ

ಕನ್ನಡ ನಾಡಿನವರಿಗೆ ಸಮೀಪವಾದ ಉದಾಹರಣೆಯೂ ಒಂದುಂಟು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಒಡೆತನದಲ್ಲಿ 2008ರಿಂದ ಫೋರ್ಸ್ ಇಂಡಿಯಾ ಎಂಬ ತಂಡವು ಪಂದ್ಯದಲ್ಲಿ ಭಾಗವಹಿಸಿತು. ಅದರ ಕಾರ್ಖಾನೆಯು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿತ್ತು. ಮೊದಲ ವರ್ಷದಲ್ಲಿ ಒಂದು ಅಂಕವೂ ದೊರೆಯಲಿಲ್ಲ. 2009ರ ಆಗಸ್ಟಿನಲ್ಲಿ ಬೆಲ್ಜಿಯಮಿನ ಸ್ಪಾ ಪಥದಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು, ಎರಡನೆಯವನಾಗಿ ಮುಗಿಸಿದನು.

2015ರ ಸಂಗತಿಯು ನಮಗೆ ಇನ್ನೂ ಮುಖ್ಯ. ಆ ವರ್ಷದ ಮೊದಲ ಪರೀಕ್ಷೆಗೆ ತಂಡವು ಬರಲೇ ಇಲ್ಲ. ಎರಡನೆಯದಕ್ಕೆ ಹಿಂದಿನ ವರ್ಷದ ಕಾರನ್ನೇ ತಂದಿತು. ಹೊಸ ಕಾರು ಪಥಕ್ಕಿಳಿದುದು ಕೊನೆಯ ಪರೀಕ್ಷೆಯಲ್ಲಿ ಮಾತ್ರ. ಪರೀಕ್ಷೆಯ ಪಟ್ಟಿಯನ್ನು ನೋಡಿ ಊಹಿಸುವವನು ಇದನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದನು. ಆದರೆ ಮೆಲ್ಬೋರ್ನಿನಲ್ಲಿ ಹುಲ್ಕೆನ್‌ಬರ್ಗ್ ಏಳನೆಯವನೂ ಪೆರೆಜ್ ಹತ್ತನೆಯವನೂ ಆದರು. ಇಬ್ಬರಿಗೂ ಅಂಕಗಳು ದೊರೆತುವು. ಜುಲೈಯಲ್ಲಿ ಬಹಳವಾಗಿ ಸುಧಾರಿಸಿದ ಕಾರು ಬಂದಿತು. ಅಕ್ಟೋಬರಿನಲ್ಲಿ ರಷ್ಯದಲ್ಲಿ ಪೆರೆಜ್ ಮೂರನೆಯವನಾದನು. ವರ್ಷಾಂತ್ಯದಲ್ಲಿ ತಂಡವು ಐದನೆಯ ಸ್ಥಾನದಲ್ಲಿತ್ತು. 2016 ಮತ್ತು 2017ರಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. 2018ರಲ್ಲಿ ಹಣದ ತೊಂದರೆಯಿಂದ ಅದು ಬೇರೆಯವರ ಕೈಸೇರಿತು. ಇಂದಿನ ಆಸ್ಟನ್ ಮಾರ್ಟಿನ್ ತಂಡವು ಅದರ ಮುಂದುವರಿಕೆ. ಸಿದ್ಧತೆಯ ಅಭಾವವು ಹಾನಿಕರವೇ ಸರಿ. ಆದರೆ ಮಾರ್ಚಿಯಿಂದ ನವೆಂಬರಿನವರೆಗೆ ನಡೆಯುವ ಕೆಲಸವನ್ನು ಫೆಬ್ರವರಿಯ ಪಟ್ಟಿಯು ಅಳೆಯಲಾರದು.

ಊಹೆಗೂ ಅಂಕ ಕೊಡಿರಿ

ವಾಚಕರು ತಾವೇ ಮುಂದಿನ ಋತುವಿಗೆ ಪಂಕ್ತಿಯನ್ನು ಊಹಿಸಿ ಕಾಗದದಲ್ಲಿ ಬರೆದಿಡಲಿ. ಬರೆಯದ ಊಹೆಯು ಫಲ ತಿಳಿದಮೇಲೆ ತಾನಾಗಿ ತಿದ್ದಿಕೊಳ್ಳುವುದು! ಕ್ಯಾಡಿಲಾಕ್ ಸೇರಿದುದರಿಂದ 2026ರಲ್ಲಿ ಹನ್ನೊಂದು ತಂಡಗಳಾದುವು. ಪ್ರತಿ ತಂಡಕ್ಕೂ ಊಹಿಸಿದ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ವ್ಯತ್ಯಾಸವನ್ನು ವರ್ಗಮಾಡಿ, ಎಲ್ಲವನ್ನೂ ಕೂಡಿಸಿರಿ. ಮೊತ್ತವನ್ನು ಆರರಿಂದ ಗುಣಿಸಿ 1320ರಿಂದ ಭಾಗಿಸಿ, ಬಂದುದನ್ನು ಒಂದರಿಂದ ಕಳೆಯಿರಿ. ಇಲ್ಲಿ 1320 ಎಂಬುದು 11ನ್ನು 120ರಿಂದ ಗುಣಿಸಿದ ಫಲ. 120 ಎಂಬುದು 11ರ ವರ್ಗದಲ್ಲಿ ಒಂದು ಕಡಮೆ. ವರ್ಗಗಳ ಮೊತ್ತವು 44 ಆಗಿದ್ದರೆ ಉತ್ತರವು 0.8. ಊಹೆಯು ಪೂರ್ತಿ ಸರಿಯಾದರೆ ಉತ್ತರವು 1. ಪೂರ್ತಿ ತಲೆಕೆಳಗಾದರೆ ಋಣ 1. ಕಣ್ಣುಮುಚ್ಚಿ ಚೀಟಿ ಎತ್ತಿದವನಿಗೆ ಸರಾಸರಿಯಲ್ಲಿ ಸೊನ್ನೆ. ಇದು ಸ್ಪಿಯರ್‌ಮನ್ ಎಂಬ ವಿಜ್ಞಾನಿಯ ಹೆಸರಿನಿಂದ ಪ್ರಸಿದ್ಧವಾದ ಸೂತ್ರ. ಹಿಂದಿನ ವರ್ಷದ ಪಂಕ್ತಿಯನ್ನೇ ನಕಲು ಮಾಡಿದವನಿಗೆ ಎಷ್ಟು ಬಂದಿತೆಂಬುದನ್ನೂ ಲೆಕ್ಕಹಾಕಿರಿ. ಅದನ್ನು ಮೀರಿದರೆ ಮಾತ್ರ ನಿಮ್ಮ ಊಹೆಗೆ ಬೆಲೆಯುಂಟು.

ಇನ್ನು ನೆರೆಮನೆಯ ಹುಡುಗನ ಮಾತು. ಅವನ ಉತ್ತರಪತ್ರಿಕೆಯನ್ನು ತರಿಸಿ ಕಾರಿನ ಕಾಲವನ್ನು ತಿದ್ದಿದಂತೆಯೇ ನೋಡಿದೆವು. ಎರಡು ಅಧ್ಯಾಯಗಳನ್ನು ಅವನು ಆ ವೇಳೆಗೆ ಓದಿಯೇ ಇರಲಿಲ್ಲ. ಅವುಗಳಿಂದ ಬಂದ ಪ್ರಶ್ನೆಗಳನ್ನು ಬಿಟ್ಟಿದ್ದನು. ಇದು ತೊಟ್ಟಿಯ ಇಂಧನದಂತೆ ಇಳಿಸಬಹುದಾದ ಭಾರ. ಆದರೆ ಓದಿದ ಅಧ್ಯಾಯಗಳಲ್ಲಿಯೂ ಲೆಕ್ಕಗಳು ಪದೇ ಪದೇ ಒಂದೇ ರೀತಿಯಲ್ಲಿ ತಪ್ಪಿದ್ದುವು. ಇದಕ್ಕೆ ಯಾವ ನೆಪವೂ ಇರಲಿಲ್ಲ. ಇದು 2022ರ ಮರ್ಸಿಡಿಸ್ ಕಾರಿನ ಕುಪ್ಪಳಿಕೆ. ಎರಡನ್ನೂ ಅವನಿಗೆ ಬೇರೆ ಬೇರೆಯಾಗಿ ತೋರಿಸಿದೆವು. ಅವನು ಬಹಳ ಹೊತ್ತು ಪತ್ರಿಕೆಯನ್ನೇ ನೋಡುತ್ತ ಕುಳಿತಿದ್ದು, "ಹಾಗಾದರೆ ಮೊದಲು ಲೆಕ್ಕಗಳಿಂದ ಶುರುಮಾಡುತ್ತೇನೆ, ಮಾಮಾ" ಎಂದನು. ಮಾರ್ಚಿಯಲ್ಲಿ ಪರೀಕ್ಷೆಗೆ ಕುಳಿತನು, ತೇರ್ಗಡೆಯೂ ಆದನು. ಆ ವರ್ಷದ ಕಾರುಗಳ ಪಂಕ್ತಿಯನ್ನು ಮಾತ್ರ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಊಹಿಸಿರಲಿಲ್ಲ.